ತಿಪ್ಪಕ್ಕ ಬಡಿಸದೆ ಹೋದ ಹುರುಳಿ ಸಾರು

ತೊರೆಹಟ್ಟಿ,
ಏಳನೆಯ ತಿಂಗಳ ಮೂವತ್ತೈದು, 2191.

ನೂರೈವತ್ತು ವರ್ಷಕ್ಕೂ ಹಿಂದೆ ಇರುವ ನನ್ನ ಜನರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು; ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರವಣಿಗೆ ನಾನು ಕಲಿತದ್ದು ಕಾಲೇಜಿನಲ್ಲಿ, ಹಳೆಯ ಇಂಗ್ಲಿಷ್ ಎಂಬ ಒಂದು ಪೇಪರಿನಲ್ಲಿ ಮಾತ್ರ. ಅದರ ಪ್ರಕಾರ ಕಾಗದವನ್ನು ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಶುರು ಮಾಡಬೇಕೋ ಮುಗಿಸಬೇಕೋ, ಈಗ ನೆನಪಿಲ್ಲ. ತಿಪ್ಪಕ್ಕ ಇದ್ದಿದ್ದರೆ ಕೇಳುತ್ತಿದ್ದೆ. ತಿಪ್ಪಕ್ಕ ನನ್ನ ಹೆಂಡತಿ. ಹೋಗಿ ಒಂಬತ್ತು ತಿಂಗಳಾಯಿತು.

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಊರಾಚೆಯ ಕೇರಿಯಲ್ಲಿದ್ದು ಚರ್ಮ ಹದ ಮಾಡುತ್ತಿದ್ದವರು. ಈಗ ಆ ಹದದ ಕಾರ್ಖಾನೆ ಇಡೀ ಊರಿನದು. ಅಲ್ಲಿ ಕೂಲಿಯವರಿಲ್ಲ, ಪಾಲುಗಾರರೇ ಎಲ್ಲ. ತೊಟ್ಟಿಗಿಳಿದು ತೊಗಲು ತಿರುವುವ ಪಾಳಿಯೂ ಎಲ್ಲ ಮನೆಗೂ ಬರುತ್ತದೆ. ಪಕ್ಕದ ಮನೆಯ ವಾಗ್ದೇವಿಯಮ್ಮನ ಹಿರಿಯರು ದೇವಸ್ಥಾನದ ಬೀದಿಯವರು; ಆಕೆಯೂ ತಿಪ್ಪಕ್ಕನೂ ಒಂದೇ ತೊಟ್ಟಿಯಲ್ಲಿ ಮೊಣಕಾಲುದ್ದ ನಿಂತವರು. ಕೇರಿ ಎಂದರೇನೆಂದು ಮಕ್ಕಳಿಗೆ ಪಾಠದಲ್ಲಿ ವಿವರಿಸಬೇಕಾಗಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಈಕ್ವಾಲಿಟಿ ಎನ್ನುತ್ತಿದ್ದರು, ಅಥವಾ ಈಕ್ವೇಷನ್ನೋ.

ಇನ್ನೊಂದು ಪದ್ಧತಿ ನೆರೆಯೂಟ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ನೆರೆಮನೆಯಲ್ಲಿ ಕುಳಿತು ಉಣ್ಣಲೇಬೇಕು, ಕಾನೂನೇ ಇದೆ. ನಾವು ತಪ್ಪಿದ್ದು ಇಲ್ಲಿ. ವಾಗ್ದೇವಿಯಮ್ಮ ಬರುವ ದಿನ ತಿಪ್ಪಕ್ಕ ನನ್ನನ್ನು ಊರಡಿಗೆಗೆ, ಅಂದರೆ ಎಲ್ಲರಿಗೂ ಸೇರಿದ ದೊಡ್ಡ ಅಡಿಗೆಮನೆಗೆ, ಕಳಿಸುತ್ತಿದ್ದಳು. “ಆಯಮ್ಮ ತಟ್ಟೆ ಮುಂದೆ ಕುಂತು ಹಿಂದೆಮುಂದೆ ನೋಡಿದ್ರೆ ನನ್ ಕೈಲಿ ತಡ್ಕಳಾಕಾಗಲ್ಲ. ಅಲ್ಲಿಂದ್ಲೇ ತಂದ್ಬಿಡ್ರಿ,” ಅನ್ನುತ್ತಿದ್ದಳು. ತಂದದ್ದನ್ನು ನಮ್ಮ ಪಾತ್ರೆಗೆ ಸುರಿದು, ಬಿಸಿ ಮಾಡಿ, ತಾನೇ ಮಾಡಿದಂತೆ ಬಡಿಸುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅಂದಳು: “ಒಂದ್ಸಲನಾದ್ರೂ ನನ್ ಹುರುಳಿ ಸಾರು ಆಯಮ್ಮಂಗೆ ಇಕ್ಬೇಕಾಗಿತ್ತು.” ಏಳಲಾಗಲಿಲ್ಲ ಅವಳಿಗೆ.

ಮೊನ್ನೆ ಮತ್ತೆ ನೆರೆಯೂಟ ಬಂತು. ನಾನೇ ಹುರುಳಿ ಬೇಯಿಸಿದೆ, ಮುದ್ದೆ ತಿರುವಿದೆ. ಉಪ್ಪು ಎರಡು ಸಲ ಬಿತ್ತು ಅಂತ ಕಾಣುತ್ತದೆ. ವಾಗ್ದೇವಿಯಮ್ಮ ಕುಳಿತು, “ಇವತ್ತು ಊರಡಿಗೇಲಿ ಹುರುಳಿನಾ?” ಎಂದರು. ಹೌದು ಅನ್ನುವುದು ಸುಲಭವಿತ್ತು. ನಾಲಿಗೆಗೆ ಸುಳ್ಳಿನ ಅಭ್ಯಾಸವೂ ಇತ್ತು.

“ಇಲ್ಲಮ್ಮ. ನಮ್ಮ ಒಲೆ ಮೇಲಿಂದು.”

ಆಕೆಯ ಕೈ ನಿಂತಿತು. ನಾನು ಗೋಡೆ ನೋಡಿದೆ.

“ಇಷ್ಟು ವರ್ಷ ಊರಡಿಗೆ ರುಚಿ ನಂಗೆ ಗೊತ್ತಾಗ್ತಿರ್ಲಿಲ್ಲ ಅಂದ್ಕೊಂಡ್ರಾ ದುರುಗಪ್ಪನವರೇ? ನಿಮ್ಮ ಒಲೆದು ನಮಗೆ ಹಾಕಬಾರ್ದು ಅಂತ ನೀವೇ ತೀರ್ಮಾನ ಮಾಡಿದ್ದೀರ ಅಂತ ಸುಮ್ಮನಿದ್ದೆ.”

“ಕೇಳಬೋದಿತ್ತಲ್ಲಮ್ಮ.”

“ನಮ್ಮ ಹಿಂದಿನೋರು ಮಾಡಿದ್ದು ನೆನೆಸ್ಕೊಂಡು, ಯಾವ ಮುಖ ಇಟ್ಕೊಂಡು ಹಾಕಿ ಅಂತ ಕೇಳ್ಲಿ?” ಎಂದು ಮುದ್ದೆ ಮುರಿದರು. ಎರಡು ತುತ್ತು ಉಂಡ ಮೇಲೆ, “ತಿಪ್ಪಕ್ಕ ಇಷ್ಟು ಉಪ್ಪು ಹಾಕ್ತಿರ್ಲಿಲ್ಲ ಅನ್ಸುತ್ತೆ,” ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ತಿಪ್ಪಕ್ಕ ಅಂದೇ ಬಡಿಸಿದ್ದರೆ ವಾಗ್ದೇವಿಯಮ್ಮ ಉಣ್ಣುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಉಣ್ಣುತ್ತಿದ್ದರೆಂದು ನಂಬಲು ಮನಸ್ಸಿದೆ. ನಂಬಿದರೆ ಸಂಕಟ ಹೆಚ್ಚು. ಅವರು ಮನೆಗೆ ಹೋದ ಮೇಲೆ ಇದನ್ನು ತಿಪ್ಪಕ್ಕನಿಗೆ ಹೇಳಲು ಒಳಕೋಣೆಯವರೆಗೂ ಹೋಗಿ ವಾಪಸು ಬಂದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಭೂಮಿ ಕೇಳಿ, ಓದು ಕೇಳಿ, ಕಾರ್ಖಾನೆಯಲ್ಲಿ ಪಾಲು ಕೇಳಿ, ಬಿಡಬೇಡಿ. ಅದೆಲ್ಲ ಬಂದೇ ಬರುತ್ತದೆ, ನಾವು ಕಂಡಿದ್ದೇವೆ. ಆದರೆ ಯಾರಾದರೂ ನಿಮ್ಮ ಮನೆಗೆ ಉಣ್ಣಲು ಬಂದರೆ, ಬೇಡವೆಂದಾರೆಂದು ನೀವೇ ಮೊದಲು ಹೆದರಬೇಡಿ. ಬೇಡವೆಂದರೆ ಆ ನಾಚಿಕೆ ಅವರದು. ಬಂದು ಕುಳಿತವರೇ, ನೀವೂ ಬಾಯಿಬಿಟ್ಟು ಕೇಳಿ. ಅಡಿಗೆ ಮಾಡುವವಳು ಇರುವಾಗಲೇ ಕೇಳಿ.

ಇಂತಿ,
ದುರುಗಪ್ಪ