ನಾನು ಒತ್ತದ ಹೆಬ್ಬೆಟ್ಟು

ಧಾರವಾಡ, ಫೆಬ್ರುವರಿ 30, 2194

ಪೂಜ್ಯ ಕಸ್ತೂರಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ದಾಕ್ಷಾಯಣಿಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಥಶಾಸ್ತ್ರ ಓದಲು ಎರಡು ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಯಾವುದೆಂದು ನಿಮ್ಮ ಮಗಳು ಯೋಚಿಸುತ್ತಿದ್ದಾಗ, ಅವಳಿಗಿಂತ ನೀವೇ ಹೆಚ್ಚು ಹೈರಾಣಾಗಿದ್ದಿರೆಂದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯಿದೆ. ಕೊನೆಗೆ ಏನು ಮಾಡಿದಿರೋ ಯಾರಿಗೂ ನೆನಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಥ ಕಾಲೇಜುಗಳು ಈಗಲೂ ಇವೆ. ಸೇರುವ ಮುನ್ನ 'ಉಂಡುನೋಡು' ಎಂಬ ಪದ್ಧತಿಯಿದೆ: ಮಕ್ಕಳು ಎರಡೂ ಕಡೆ ಮೂರು ಮೂರು ದಿನ ಇದ್ದು, ಅಲ್ಲಿಯ ಊಟ ಉಂಡು, ತರಗತಿಯಲ್ಲಿ ಕೂತು ಬರಬೇಕು. ಆಮೇಲೆ ಬೇಕಾದ ಕಾಲೇಜಿನ ಹೆಸರಿನ ಮೇಲೆ ಮಗುವೂ ತಾಯಿಯೂ ಹೆಬ್ಬೆಟ್ಟು ಒತ್ತಬೇಕು, ಇದು ಜೋಡಿಹೆಬ್ಬೆಟ್ಟು. ತಾಯಿ ಒತ್ತದಿದ್ದರೆ ತೀರ್ಮಾನ ಮುಂಗಾಣಿಗೆ ಹೋಗುತ್ತದೆ. ಮುಂಗಾಣಿಯೆಂದರೆ ಮಗುವಿನ ಮುಂದಿನ ಐವತ್ತು ವರ್ಷಗಳ ಸುಖವನ್ನು ಅಂದಾಜು ಮಾಡುವ ಯಂತ್ರ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅರ್ಥಶಾಸ್ತ್ರ ಓದಲೆಂದು ನನ್ನ ಮಗಳು ಇಳಾ ಮೊದಲು ಹೋದದ್ದು ಗುಡ್ಡದ ಪಕ್ಕದ ಸಣ್ಣ ಕಾಲೇಜಿಗೆ. ಸಂತೆಯಲ್ಲಿ ಟೊಮೆಟೊ ಚೆಲ್ಲುವ ದಿನವೇ ಕೆಲವರು ಹಸಿದಿರುವುದೇಕೆಂದು ಹನ್ನೊಂದು ಮಂದಿ ಒಂದೇ ಮೇಜಿನ ಸುತ್ತ ಕೂತು ಗುರುಗಳೊಡನೆ ಜಗಳವಾಡುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ. ಎರಡನೆಯದು ದೊಡ್ಡ ಹೆಸರಿನದು. ಅಲ್ಲಿ ಅರ್ಥಶಾಸ್ತ್ರವೆಂದರೆ ನೌಕರಿಗೆ ತಯಾರಿ. ಇಳಾ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಯವ್ವಾ, ಆ ಸಣ್ಣ ಕಾಲೇಜಿನ್ಯಾಗ ನಾ ತಪ್ಪು ಮಾತಾಡಿದ್ರೂ ಪೂರಾ ಕೇಳಿಸ್ಕೊಂಡ್ರು. ನಾ ಅಲ್ಲೇ ಹೋಗ್ತೀನಿ."

ನಾನು ಅಂಜುಬುರುಕಿ. ತಪ್ಪಾದರೆ ಜೀವಮಾನವಿಡೀ ನನ್ನನ್ನು ಬೈದಾಳೆಂದು ಹೆಬ್ಬೆಟ್ಟು ಒತ್ತಲಿಲ್ಲ. ಯಂತ್ರ ಹೇಳಿದರೆ ತಪ್ಪು ಯಾರ ತಲೆಯ ಮೇಲೂ ಬರುವುದಿಲ್ಲವಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ. ಮುಂಗಾಣಿ ದೊಡ್ಡ ಹೆಸರನ್ನೇ ಆರಿಸಿತು.

ಅದು ಹೇಳಿದ್ದೆಲ್ಲ ನಿಜವಾಯಿತು. ಇಳಾಗೆ ಮುಂಗಾಣಿ ಕಚೇರಿಯಲ್ಲೇ ಹುದ್ದೆ, ಒಳ್ಳೆಯ ಗಂಡ, ಗಟ್ಟಿ ಆರೋಗ್ಯ. ಯುಗಾದಿಗೆ ತಪ್ಪದೆ ಬರುತ್ತಾಳೆ, ಹೋಳಿಗೆ ಚೆನ್ನಾಗಿದೆ ಎನ್ನುತ್ತಾಳೆ, ಹೊತ್ತಿಗೆ ಸರಿಯಾಗಿ ಹೊರಡುತ್ತಾಳೆ. ಯಾವುದಕ್ಕೂ ಜಗಳವಿಲ್ಲ, ಹಟವಿಲ್ಲ. ನಾನು ಹಡೆದ ಹುಡುಗಿ ಎಲ್ಲಿ ಹೋದಳೋ ಎಂದು ಅವಳೆದುರೇ ಕೂತು ಹುಡುಕುತ್ತೇನೆ.

ಕಸ್ತೂರಿಯವರೇ, ದೊಡ್ಡ ಕಾಲೇಜು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿಮ್ಮ ಮಗಳು ಅದನ್ನೇ ಕೇಳಿದರೆ ಅಲ್ಲಿಗೇ ಕಳಿಸಿ. ಆದರೆ ಅವಳು ಬಾಯಿಬಿಟ್ಟು ಕೇಳಿದ ಮೇಲೆ ರ‍್ಯಾಂಕ್ ಪಟ್ಟಿಯ ಹಿಂದೆ ಅವಿತುಕೊಳ್ಳಬೇಡಿ. ತಪ್ಪಾದರೆ ತಾಯಿ ಮಗಳು ಸೇರಿ ಅಳಬಹುದು. ನಮಗೆ ಆ ಭಾಗ್ಯವೂ ಇಲ್ಲ.

ಈ ವರ್ಷ ಇಳಾಳ ಮಗಳು ತುಂಗಾಳ ಸರದಿ. ಅವಳೂ ಅರ್ಥಶಾಸ್ತ್ರವನ್ನೇ, ಆ ಸಣ್ಣ ಕಾಲೇಜನ್ನೇ ಬಯಸಿದಳು. ಇಳಾ ಒತ್ತಲೊಲ್ಲೆ, ಮುಂಗಾಣಿಗೇ ಬಿಡುತ್ತೇನೆ ಎಂದಳು. ಅದು ಈ ಸಲವೂ ದೊಡ್ಡ ಹೆಸರನ್ನೇ ಆರಿಸುವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಯ ಹೆಬ್ಬೆಟ್ಟು ಕಾನೂನಿನಲ್ಲಿ ನಡೆಯುವುದಿಲ್ಲ. ನಿನ್ನೆ ಬೆಳಿಗ್ಗೆ ಮಗಳ ಕೈಹಿಡಿದು ಬೇಡಿಕೊಂಡೆ. ಅವಳು ಸಿಟ್ಟಾಗಲಿಲ್ಲ. "ಯಾಕವ್ವಾ, ನಾ ಸುಖವಾಗಿಲ್ಲೇನು?" ಎಂದು ನನ್ನ ಮುಖ ನೋಡಿದಳು.

ಸುಖವಾಗಿದ್ದೀ ಎಂದೆ. ನಲವತ್ತೆರಡು ವರ್ಷದ ಮಗಳಿಗೆ ಇಲ್ಲವೆಂದು ಹೇಗೆ ಹೇಳಲಿ? ತುಂಗಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಹೋಗಿ, ದೊಡ್ಡ ಕಾಲೇಜಿಗೆ ಒಯ್ಯುವ ಬಟ್ಟೆ ಮಡಿಚತೊಡಗಿದಳು.

ದಾಕ್ಷಾಯಣಿ