ಮುಂದಿನ ಪದ್ಯದ ಧಾಟಿ

ಯಗಟಿ, ಫೆಬ್ರವರಿ ೧೯೮೪

ಪಂಚಾಕ್ಷರಪ್ಪ ಮೇಷ್ಟ್ರಿಗೆ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇವತ್ತು ನನ್ನ ತರಗತಿಯಲ್ಲಿ ನಡೆದದ್ದನ್ನು ಇನ್ನು ಯಾರಿಗೆ ಹೇಳಲಿ?

ನೀವು ನಮಗೆ ಅರ್ಧ ಮಾಡಿ ಬಿಟ್ಟಿದ್ದ ಆ ಹಳಗನ್ನಡ ಯುದ್ಧದ ಪಾಠವೇ ಈ ವರ್ಷ ಮತ್ತೆ ಹತ್ತನೇ ತರಗತಿಗೆ ಬಂದಿದೆ. ನಾನು ಎಂದಿನಂತೆ ನೋಟ್ಸ್ ಬರೆಸುತ್ತಿದ್ದೆ. ಕುರಿ ಸಾಕುವವರ ಮನೆಯ ಹುಡುಗಿ ಹಾಲಮ್ಮ ಪೆನ್ನು ಕೆಳಗಿಟ್ಟು, "ಇದ್ರಲ್ಲಿ ಏನೈತೆ ಸಾ? ಒಂದಕ್ಷರಾನೂ ತಿಳಿಯಲ್ಲ" ಅಂದಳು. ನನಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದರೆ ಹೊರಟದ್ದು ಪದ್ಯ, ಅದೂ ನಿಮ್ಮ ಧಾಟಿಯಲ್ಲಿ. ಎರಡನೇ ಸಲ ಹೇಳುವಾಗ ಅವಳ ತುಟಿಯೂ ಆಡುತ್ತಿತ್ತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

"ಮುಂದಿಂದೂ ಹೇಳಿ ಸಾ. ಬಸ್ ಹೋದ್ರೆ ಹೋಗ್ಲಿ, ನಡ್ಕಂಡ್ ಹೋಗ್ತೀನಿ" ಅಂದಳು ಹಾಲಮ್ಮ.

ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲ. ಪರೀಕ್ಷೆಗೆ ಇನ್ನು ಐದೇ ವಾರ. ಒಂದಿಡೀ ಪೀರಿಯಡ್ ನಾಲ್ಕು ಸಾಲಿಗೇ ಮುಗಿಯಿತು. "ಮೇಷ್ಟ್ರು ಬರೀ ಹಾಡುತ್ತಾರೆ, ಪಾಠ ಮುಗಿಸುವುದಿಲ್ಲ" ಎಂದು ಆಗ ನಾವು ಹುಡುಗರು ಹೆಡ್‌ಮೇಷ್ಟ್ರಿಗೆ ಕೊಟ್ಟ ಅರ್ಜಿಯಲ್ಲಿ ಸುಳ್ಳೇನೂ ಇರಲಿಲ್ಲವಲ್ಲ? ಅಕ್ಷರ ದುಂಡಗಿದೆ ಎಂದು ಎಲ್ಲರೂ ಅದನ್ನು ನನ್ನ ಕೈಯಲ್ಲೇ ಬರೆಸಿದರು. ಆ ಅಕ್ಷರ ತಿದ್ದಿಸಿದವರು ನೀವು. ಹೆಡ್‌ಮೇಷ್ಟ್ರು ಅದನ್ನು ತೋರಿಸಿದ ಕೂಡಲೇ ನಿಮಗೆ ಗುರುತು ಸಿಕ್ಕಿರಬೇಕು.

ಹಾಲಮ್ಮನಿಗೆ ನಾಳೆ ಹೇಳುತ್ತೇನೆ ಎಂದಿದ್ದೇನೆ. ಮುಂದಿನ ಪದ್ಯದ ಛಂದಸ್ಸೇ ಬೇರೆ, ಈ ಧಾಟಿ ಅದಕ್ಕೆ ಒಗ್ಗುವುದಿಲ್ಲ. ಅದರ ಧಾಟಿ ಹೇಳಿಕೊಡುವ ಮೊದಲೇ ನಿಮಗೆ ವರ್ಗವಾಗಿತ್ತು.

ದೇವೀರಪ್ಪ