ಹಸಿ ಅಂಗಳದ ಗಾಲಿ ಗುರುತು

ರಾಯಾಪುರ
೧೨ ಏಪ್ರಿಲ್ ೧೯೯೮

ನನ್ನ ಹಟಮಾರಿ ಅವ್ವನಿಗೆ, ಅವಳಿಗಿಂತ ಹಟಮಾರಿಯಾದ ವಿದ್ಯಾಳ ನಮಸ್ಕಾರಗಳು.

ಕೈಕಾಲು ಕ್ಷೇಮವೇ ಎಂದು ನೀನು ಕೇಳಿ ಕಳಿಸಿದ್ದೆ. ಕೈ ಕ್ಷೇಮ. ಕಾಲು, ಸಣ್ಣವಳಿದ್ದಾಗ ಪೋಲಿಯೊ ಬಿಟ್ಟುಹೋದ ಹಾಗೇ ಇವೆ. ತಲೆ ಮಾತ್ರ ಕೆಟ್ಟಿದೆ.

ಕಸ್ತೂರಿಯನ್ನು ನೋಡಲು ಗಂಡಿನವರು ಬಂದ ದಿನ ನೀನು ಅಂದದ್ದು ನೆನಪಿದೆಯಲ್ಲ? "ಒಂದ ತಾಸು ದೇವಕ್ಕನ ಮನ್ಯಾಗ ಕುಂದರವ್ವಾ, ತಂಗೀದು ಛಲೋ ಆಗ್ಲಿ." ತಂಗಿಯ ಮುಖ ನೋಡಿ, ನನ್ನ ಮೂರು ಗಾಲಿಯ ಸೈಕಲ್ಲನ್ನು ಕೈಯಿಂದ ತಿರುಗಿಸಿಕೊಂಡು ಸುಮ್ಮನೆ ಪಕ್ಕದ ಮನೆಗೆ ಹೋದೆ. ಸಂಬಂಧ ಕುದುರಿತು. ನಿನ್ನ ಒಂದು ತಾಸು ಈಗ ಒಂದು ತಿಂಗಳಾಗಿದೆ. ಮದುವೆಯ ಅಕ್ಕಿಕಾಳು ಬೀಳುವವರೆಗೂ ಇಲ್ಲಿ ರಾಯಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲೇ ಇರಬೇಕಂತೆ, ಅದೂ ಸೈಕಲ್ಲಿಲ್ಲದೆ! ಬಾಗಿಲಿಗೆ ಬರಬೇಕಾದರೂ ಸತ್ಯವ್ವ ಚಿಕ್ಕಮ್ಮ ಎತ್ತಬೇಕು. ಪಾಪ, ಅವಳ ಸೊಂಟ ಹಿಡಿದಿದೆ. ನನ್ನ ಸಿಟ್ಟು ನೆತ್ತಿಗೇರಿದೆ.

ಅವ್ವಾ, ಕಸ್ತೂರಿಯ ಮದುವೆಗೆ ನಾನು ಬರುತ್ತೇನೆ. ಸೈಕಲ್ ರಿಪೇರಿಯ ಮಕಬೂಲಸಾಬ ಕಾಕಾ ನಾಳೆ ನನ್ನ ಸೈಕಲ್ಲನ್ನು ದೇವಕ್ಕನ ಹಿತ್ತಲಿನಿಂದ ಟೆಂಪೋದಲ್ಲಿ ತರುತ್ತಾರೆ. ಮದುವೆಯ ದಿನ ನಮ್ಮ ಬೆಂಗೇರಿಯವರೆಗೆ ನಾನೇ ಹೊಡೆದುಕೊಂಡು ಬರುತ್ತೇನೆ. ಲಾರಿಗಳು ಬೇಕಾದರೆ ಪಕ್ಕಕ್ಕೆ ಸರಿಯಲಿ. ಇಳಕಲ್ ಸೀರೆ ಉಡುತ್ತೇನೆ. ಕಾಲು ಮುಚ್ಚಲಿಕ್ಕಲ್ಲ, ಚಂದ ಕಾಣಲಿಕ್ಕೆ. ಮದುವೆ ಕಾರ್ಯಾಲಯದ ಮೆಟ್ಟಿಲಿಗೆ ಹಲಗೆ ಹಾಕಿಸು. ಹಾಕಿಸದಿದ್ದರೆ ಕೆಳಗಿನಿಂದಲೇ ಅಕ್ಕಿಕಾಳು ಎಸೆಯುತ್ತೇನೆ. ಇಷ್ಟು ವರ್ಷ ಪೆಡಲ್ ತಿರುಗಿಸಿದ ಕೈ ಇದು, ನೇರವಾಗಿ ವರನ ಮೂಗಿಗೇ ತಗಲುತ್ತವೆ.

ಊರೆಲ್ಲ ನೋಡುತ್ತಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಲೆಗೆ ಒಯ್ದವಳು ನೀನು. ಆಗ ನಾಚದವಳು ಈಗ ಯಾಕೆ ನಾಚಿದೆ? ನನಗೆ ನೋವಾಗಿರುವುದು ಅದೊಂದಕ್ಕೇ.

ನಿನ್ನ ಹಿರಿಮಗಳು,
ವಿದ್ಯಾ

ತಾ.ಕ.: ನಿನ್ನೆ ಕಸ್ತೂರಿಯ ಅತ್ತೆಯಾಗುವವರು ಇಲ್ಲಿಗೆ ಬಂದಿದ್ದರು. ನಾನು ಇಲ್ಲಿರುವುದನ್ನು ದೇವಕ್ಕ ಬಾಯಿಬಿಟ್ಟಿದ್ದಾಳೆ. ಅವರು ಹೆಣ್ಣು ನೋಡಲು ಬಂದ ದಿನ ನೀನು ಮೊದಲು ಅಂಗಳ ಸಾರಿಸಿ, ಆಮೇಲೆ ನನ್ನನ್ನು ಸಾಗಹಾಕಿದ್ದೆ ನೋಡು. "ಹಸಿ ಸಗಣಿ ಮ್ಯಾಲೆ ಮೂರು ಗಾಲಿ ಗುರ್ತು, ನಿಮ್ಮ ಬಾಗಲದಿಂದ ಬಾಜೂ ಮನೀತನಕ! ಅವತ್ತ ತಿಳೀತವ್ವಾ. ನಿಮ್ಮವ್ವ ತಾನ ಹೇಳ್ತಾಳೇನಂತ ಕಾಯಾಕತ್ತಿದ್ದೆ. ನೀ ಮದವಿಗೆ ಬರಬೇಕ ನೋಡು" ಎಂದರು. ಇದನ್ನು ಬೇಕೆಂದೇ ಮೇಲೆ ಬರೆಯಲಿಲ್ಲ. ಅವರು ಕರೆದರೆಂದು ಬರುತ್ತಿದ್ದೇನೆ ಅಂತ ನೀನು ತಿಳಿಯಬಾರದು. ಮಕಬೂಲಸಾಬ ಕಾಕಾನಿಗೆ ನಾನು ಅದಕ್ಕೂ ಮೊದಲೇ ಹೇಳಿ ಕಳಿಸಿದ್ದೆ.